ಬಾಗಿಲು ಹಾಕುವ ಮುನ್ನ: ಮುಚ್ಚಲಿರುವ ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಮಾಡಬೇಕಾದ ಕೆಲಸ

ಹಾರ, ಶಾಲು, ಊಟದ ಮಾತು ಆಮೇಲೆ. ಮೊದಲು ಆಫೀಸಿನ ಅಲಮಾರಿಯ ಕೀಲಿ ಯಾರ ಕೈಯಲ್ಲಿದೆ ಎಂದು ನೋಡಿ.

ಶಹಾಬಾದ್ ಸಮೀಪದ ಒಂದು ಅನುದಾನಿತ ಹೈಸ್ಕೂಲಿನಲ್ಲಿ 23 ವರ್ಷ ಕನ್ನಡ ಕಲಿಸಿದವಳು ನಾನು. ಮಕ್ಕಳು ಕಡಿಮೆಯಾಗುತ್ತ ಬಂದು ಒಂದು ವರ್ಷ ಎಂಟನೆಯ ತರಗತಿಗೆ ದಾಖಲಾತಿ ನಿಂತಿತು, ಮರುವರ್ಷ ಒಂಬತ್ತನೆಯ ತರಗತಿ ಖಾಲಿಯಾಯಿತು, ಕೊನೆಗೆ ಹತ್ತನೆಯ ತರಗತಿಯ 19 ಮಕ್ಕಳು ಮಾತ್ರ ಉಳಿದರು. ಆ ವರ್ಷ ನಾವು ಮಾಡಿದ್ದನ್ನೂ ಮಾಡದೆ ಮರುಗಿದ್ದನ್ನೂ ಇಲ್ಲಿ ಬರೆದಿದ್ದೇನೆ. ಇಂಥದೇ ವರ್ಷ ಎದುರಾದ ಶಿಕ್ಷಕರಿಗೆ, ಹಳೆಯ ವಿದ್ಯಾರ್ಥಿಗಳಿಗೆ ಉಪಯೋಗವಾಗಲಿ.

ದಾಖಲಾತಿ ರಿಜಿಸ್ಟರಿನಿಂದ ಶುರು ಮಾಡಿ. ಹುಟ್ಟಿದ ತಾರೀಖು, ಜಾತಿ, ತಂದೆಯ ಹೆಸರು, ಹಿಂದೆ ಓದಿದ ಶಾಲೆ, ಶಾಲೆ ಬಿಟ್ಟ ದಿನ ಎಲ್ಲವೂ ಒಂದೇ ಸಾಲಿನಲ್ಲಿ ಇರುತ್ತವೆ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಆ ಸಾಲಿನ ಬೆಲೆ ಇನ್ನೂ ಹೆಚ್ಚು. ಸಂವಿಧಾನದ 98ನೆಯ ತಿದ್ದುಪಡಿಯಿಂದ, ಈ ಭಾಗದವರಿಗೆ ಶಿಕ್ಷಣ ಮತ್ತು ಸರ್ಕಾರಿ ಕೆಲಸದಲ್ಲಿ ಮೀಸಲಾತಿಗೆ ದಾರಿ ಮಾಡಿದ 371(ಜೆ) ವಿಧಿ ಬಂದ ಮೇಲೆ, ಆ ಮೀಸಲಾತಿ ಕೇಳುವವರು ತಾವು ಇಲ್ಲಿಯವರೆಂದು ಕಾಗದದ ಮೂಲಕ ತೋರಿಸಬೇಕಾಗಿದೆ. ಇಲ್ಲಿಯ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಆಗ ಕೈಹಿಡಿಯುತ್ತದೆ.

ನನ್ನ ತಮ್ಮ ಓದಿದ ಶಾಲೆ ಸದ್ದಿಲ್ಲದೆ ಮುಚ್ಚಿಹೋಗಿತ್ತು. ಒಂದು ಕಾಗದಕ್ಕಾಗಿ ಅವನು ಏಳು ತಿಂಗಳು ಅಲೆದ. ಕೊನೆಗೆ ರಿಜಿಸ್ಟರು ಯಾರದೋ ಮನೆಯ ಅಟ್ಟದ ಮೇಲೆ ಸಿಕ್ಕಿತು. ಅವನ ಹೆಸರಿದ್ದ ಪುಟದ ಅರ್ಧವನ್ನು ಗೆದ್ದಲು ತಿಂದಿತ್ತು. ಆ ದಿನ ಅವನು ಮನೆಗೆ ಬಂದು ಕೈಕಾಲು ಕೂಡ ತೊಳೆಯದೆ ಕಟ್ಟೆಯ ಮೇಲೆ ಕುಳಿತದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದ ಅಕ್ಟೋಬರಿನಲ್ಲೇ, ದಸರೆ ರಜೆ ಮುಗಿದ ಕೂಡಲೇ, ರಿಜಿಸ್ಟರುಗಳನ್ನು ಹೊರಗೆ ತೆಗೆಯಿರಿ. ಬಿಸಿಲಿಗೆ ಹಾಕಬೇಡಿ, ಹಳೆಯ ಶಾಯಿ ಮಾಸುತ್ತದೆ. ಪಡಸಾಲೆಯ ನೆರಳಿನಲ್ಲಿ ಮೇಜು ಹಾಕಿಕೊಂಡು ಇಬ್ಬರು ಕುಳಿತುಕೊಳ್ಳಿ. ಒಬ್ಬರು ಪುಟ ತಿರುವಲಿ, ಇನ್ನೊಬ್ಬರು ಮೊಬೈಲಿನಲ್ಲಿ ನೇರ ಮೇಲಿನಿಂದ ಫೋಟೊ ತೆಗೆಯಲಿ. ಪ್ರತಿ ಫೋಟೊದಲ್ಲೂ ಪುಟದ ಸಂಖ್ಯೆ ಕಾಣಬೇಕು. ಸಂಖ್ಯೆ ಇಲ್ಲದ ಪುಟವಿದ್ದರೆ ಚೀಟಿಯಲ್ಲಿ ಬರೆದು ಪಕ್ಕಕ್ಕೆ ಇಡಿ. ಮೂಲ ಪುಟದ ಮೇಲೆ ಏನನ್ನೂ ಬರೆಯಬೇಡಿ, ತಪ್ಪಿದೆ ಎನಿಸಿದರೂ ತಿದ್ದಬೇಡಿ. ನಾವು ದಿನಕ್ಕೆ ನೂರು ಪುಟದಂತೆ ಮುಗಿಸಿದೆವು. ಪೆನ್‌ಡ್ರೈವಿನ ಪ್ರತಿಗಳು ಮುಖ್ಯೋಪಾಧ್ಯಾಯರು, ಆಡಳಿತ ಮಂಡಳಿ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ, ಈ ಮೂರು ಕಡೆ ಇರಲಿ. ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಮಾತ್ರ ಒಂದೇ ಒಂದು ಪುಟವನ್ನೂ ಹಾಕಬೇಡಿ. ಅದರಲ್ಲಿ ಜನರ ಜಾತಿಯಿದೆ, ಜನ್ಮದಿನಾಂಕವಿದೆ. ಎಷ್ಟೇ ಪ್ರೀತಿಯಿಂದ ಕೇಳಿದರೂ ಕೊಡಬಾರದು.

ಮೂಲ ರಿಜಿಸ್ಟರು ಯಾವ ಶಾಲೆಗೆ ಅಥವಾ ಯಾವ ಕಚೇರಿಗೆ ಹೋಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತು ಸಾಲದು. ಸಂಪುಟಗಳನ್ನು ಎಣಿಸಿ, ಪಟ್ಟಿ ಮಾಡಿ, ಒಪ್ಪಿಸಿದ ದಿನವೇ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ಈ ಕೆಲಸ ಬೇಸಿಗೆಗೆ ಉಳಿದರೆ ಬೆಳಿಗ್ಗೆ ಬೇಗ ಹೊರಡಿ. ಏಪ್ರಿಲ್, ಮೇ ತಿಂಗಳ ವೇಳಾಪಟ್ಟಿಯಂತೆ ನಮ್ಮ ಭಾಗದ ಸರ್ಕಾರಿ ಕಚೇರಿಗಳು 8 ಗಂಟೆಗೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಗ್ರಂಥಾಲಯದ ಪುಸ್ತಕ, ಪ್ರಯೋಗಾಲಯದ ಸಾಮಾನು, ಆಟದ ಸಾಮಾನುಗಳಿಗೂ ಇದೇ ಕ್ರಮ.

ಇನ್ನೊಂದು ಮಾತು. ಮಾರ್ಚಿಯಲ್ಲಿ ಪರೀಕ್ಷೆ ಮುಗಿದರೆ ಶಾಲೆ ಮುಗಿಯಿತು ಎಂದು ನಾವು ತಿಳಿದಿದ್ದೆವು. ಈಗ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಒಂದು ವಿಷಯ ಉಳಿಸಿಕೊಂಡ ಮಗು ಎರಡನೆಯದಕ್ಕೆ ಅರ್ಜಿ ಹಾಕಲು ತನ್ನ ಶಾಲೆಗೇ ಬರುತ್ತದೆ. ನಮ್ಮ ಹುಡುಗನೊಬ್ಬ ಗಣಿತದಲ್ಲಿ ಉಳಿದಿದ್ದ. ಬಂದು ನೋಡಿದಾಗ ಗೇಟಿಗೆ ಬೀಗ. ಅವನು ನನ್ನ ಮನೆ ಹುಡುಕಿಕೊಂಡು ಬಂದದ್ದರಿಂದ ಅರ್ಜಿ ಹೋಯಿತು, ಅವನು ಪಾಸೂ ಆದ. ಬರದೇ ಇದ್ದಿದ್ದರೆ? ಕೊನೆಯ ಮಗುವಿನ ಅಂಕಪಟ್ಟಿ ಮತ್ತು ಟಿ.ಸಿ. ಅದರ ಕೈ ಸೇರುವವರೆಗೆ ಯಾರು ಜವಾಬ್ದಾರಿ ಹೊರುತ್ತಾರೆ ಎಂಬುದನ್ನು ಫೆಬ್ರವರಿಯಲ್ಲೇ ನಿರ್ಧರಿಸಿ, ಅವರ ಫೋನ್ ನಂಬರನ್ನು ಪ್ರತಿ ಮಗುವಿಗೂ ಬರೆಸಿ.

ಇನ್ನು ನೆನಪಿನ ವಿಷಯ. ಎಲ್ಲ ಕಡೆ ಫೋಟೊ ತೆಗೆಯುತ್ತಾರೆ, ನೀವೂ ತೆಗೆಯಿರಿ. ಅದರ ಜೊತೆಗೆ ನೆಲವನ್ನೂ ನೋಡಿ ಎನ್ನುತ್ತೇನೆ.

ನಮ್ಮ ಶಾಲೆಯ ಪಡಸಾಲೆಗೆ ಹಾಸಿದ್ದು ನಮ್ಮೂರಿನದೇ ಫರಸಿ ಕಲ್ಲು. ಹತ್ತನೆಯ ತರಗತಿಯ ಬಾಗಿಲಿನ ಎಡಕ್ಕೆ ಒಂದು ಕಲ್ಲಿನ ಮೇಲೆ ಚೌಕಾಬಾರದ ಮನೆ ಕೊರೆದಿದೆ. ಐದಕ್ಕೆ ಐದು, ಒಟ್ಟು 25 ಮನೆ, ಗಟ್ಟಿ ಮನೆಗಳಿಗೆ ಕಾಟು ಹಾಕಿದ ಗುರುತು. ಅದರ ಪಕ್ಕದಲ್ಲಿ ಅಂಗೈಯಗಲದ ಒಂದು ತಗ್ಗು, ಕನ್ನಡಿಯಷ್ಟು ನುಣುಪು. ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮೈ ಬೆಳ್ಳಗೆ ಮಾಡಿಕೊಂಡರೆ ಆಟಕ್ಕೆ ಕವಡೆ ಬೇಕಿಲ್ಲ. ಎಷ್ಟು ವರ್ಷ ಎಷ್ಟು ಮಕ್ಕಳು ತಿಕ್ಕಿದರೆ ಕಲ್ಲು ಹಾಗೆ ಸವೆಯಬೇಕು! ನಾನು 23 ವರ್ಷ ಅದರ ಮೇಲೆ ನಡೆದಾಡಿದವಳು ಕೊನೆಯ ಜನವರಿಯಲ್ಲಿ ಅದನ್ನು ಕಂಡೆ.

ಕಲ್ಲನ್ನು ಕಿತ್ತು ತರೋಣ ಎಂದರು ಕೆಲವರು. ಬೇಡ. ಕೀಳುವಾಗ ಒಡೆಯುತ್ತದೆ, ಜಾಗವೂ ನಮ್ಮದಲ್ಲ. ಕಾಗದದ ಮೇಲೆ ಅಚ್ಚು ತೆಗೆದುಕೊಳ್ಳಿ. ಹಿಂದಿನ ಸಂಜೆ ಬರೀ ನೀರು ಹಾಕಿ ತೆಂಗಿನ ನಾರಿನಿಂದ ಕಲ್ಲನ್ನು ತೊಳೆಯಿರಿ. ಆ್ಯಸಿಡ್ ಮುಟ್ಟಿಸಬೇಡಿ; ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಆ್ಯಸಿಡ್ ಅದನ್ನು ತಿನ್ನುತ್ತದೆ. ಮರುದಿನ ಬೆಳಿಗ್ಗೆ ಎಂಟರೊಳಗೆ, ಕಲ್ಲು ಒಣಗಿ ಇನ್ನೂ ತಂಪಾಗಿರುವಾಗ, ಝೆರಾಕ್ಸಿನ ತೆಳು ಹಾಳೆ ಹಾಸಿ ನಾಲ್ಕು ಮೂಲೆಗೆ ಟೇಪು ಅಂಟಿಸಿ. ಕಪ್ಪು ಮೇಣದ ಬಣ್ಣದ ಕಡ್ಡಿಯ ಸುತ್ತಿನ ಕಾಗದ ಸುಲಿದು, ಕಡ್ಡಿಯನ್ನು ಅಡ್ಡ ಮಲಗಿಸಿ, ಒಂದೇ ದಿಕ್ಕಿಗೆ ಹಗುರಾಗಿ ಎಳೆಯಿರಿ. ಕೊರೆದ ಗೆರೆ ಬಿಳಿಯಾಗಿ ಉಳಿದು ಸುತ್ತಲಿನದು ಕಪ್ಪಾಗುತ್ತದೆ. ಇದ್ದಿಲು ಬೇಡ, ಕೈಗೆ ಮೆತ್ತುತ್ತದೆ. ಬಿಸಿಲೇರಿದ ಮೇಲೆ ಮಾಡಿದರೆ ಮೇಣ ಕರಗಿ ಎಲ್ಲ ಕಲಸಿಹೋಗುತ್ತದೆ. ನಮ್ಮ ಮೊದಲ ಆರು ಹಾಳೆ ಹಾಗೆಯೇ ಹಾಳಾದವು.

ಹತ್ತೊಂಬತ್ತು ಮಕ್ಕಳೂ ಒಂದೊಂದು ಹಾಳೆ ತೆಗೆದರು. ಆಟದ ಮನೆಯ ಕೆಳಗೆ ಮಣ್ಣು ಮುಚ್ಚಿದ್ದ ಎರಡು ಹೆಸರು ಆಗ ಮೇಲೆದ್ದವು. ಒಬ್ಬ ಹುಡುಗಿ ಹಾಳೆಯನ್ನು ಬೆಳಕಿಗೆ ಹಿಡಿದು, "ಅಕ್ಕೋರೇ, ಇದು ನಮ್ಮ ಅಪ್ಪನ ಅಕ್ಷರ. ತೊಗರಿ ಚೀಲದ ಮೇಲೂ ಅಪ್ಪ ಹೀಗೆಯೇ ಬರೆಯುತ್ತಾರೆ" ಎಂದಳು. ಅದರಲ್ಲಿನ ತಲೆಕಟ್ಟು ಬಾಲದಂತೆ ಮೇಲಕ್ಕೆ ಎದ್ದಿತ್ತು. ಮರುದಿನ ಅವಳ ತಂದೆ ಹೊಲದಿಂದ ನೇರವಾಗಿ ಬಂದು, ಚಪ್ಪಲಿ ಕಳಚಿ, ಆ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ನಾವು ಅವರನ್ನು ಅವರ ಪಾಡಿಗೆ ಬಿಟ್ಟೆವು.

ಸಮಾರಂಭದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೆಬ್ರವರಿ ಕೊನೆಯೊಳಗೆ ಮುಗಿಸಿ, ಮಕ್ಕಳು ಓದಬೇಕು. ಸಂಜೆ ಐದರ ಮೇಲೆ ಇಟ್ಟುಕೊಳ್ಳಿ. ಹಳೆಯ ವಿದ್ಯಾರ್ಥಿಗಳು ಬರಲಿ, ಆದರೆ ಮುಂದಿನ ಸಾಲು ಕೊನೆಯ ತಂಡದ್ದು. ಅವರ ಹತ್ತನೆಯ ತರಗತಿಯ ಬೀಳ್ಕೊಡುಗೆಯನ್ನು ಶಾಲೆಯ ಬೀಳ್ಕೊಡುಗೆ ನುಂಗಿಹಾಕಬಾರದು. ಬಿಸಿಯೂಟದ ಅಡುಗೆಯ ತಾಯಂದಿರನ್ನು ಅಂದು ಒಲೆಯ ಹತ್ತಿರ ಬಿಡಬೇಡಿ. ನಮ್ಮಲ್ಲಿ ಅವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿಯನ್ನು ಮಕ್ಕಳೇ ಬಡಿಸಿದರು. ಒಬ್ಬ ತಾಯಿ, "ಇಷ್ಟು ವರ್ಷದಲ್ಲಿ ಇಲ್ಲಿ ಕುಳಿತು ಉಂಡದ್ದು ಇವತ್ತೇ" ಎಂದರು.

ಎಲ್ಲ ಮುಗಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಗೇಟಿನ ಪಕ್ಕದ ಗೋಡೆಗೆ ಸುಣ್ಣ ಬಳಿಸಿ, ಪೇಂಟರಿಂದ ದಪ್ಪ ಅಕ್ಷರಗಳಲ್ಲಿ ಬರೆಸಿ: ಶಾಲೆಯ ಹೆಸರು, ಮುಚ್ಚಿದ ವರ್ಷ, ದಾಖಲೆಗಳು ಸಿಗುವ ಜಾಗ. ವ್ಯಕ್ತಿಯ ಹೆಸರು ಬೇಡ, ಹುದ್ದೆ ಮತ್ತು ಕಚೇರಿಯ ವಿಳಾಸ ಇರಲಿ, ಜನ ಬದಲಾಗುತ್ತಾರೆ. ಮಳೆಗೆ ಬಣ್ಣ ಮಾಸುವುದರಿಂದ ಮತ್ತೆ ಬಳಿಯುವವರೂ ಬೇಕು. ಉಳಿದ ಅರ್ಧ ಡಬ್ಬಿ ಕಪ್ಪು ಬಣ್ಣವನ್ನೂ ಎರಡು ಕುಂಚಗಳನ್ನೂ ನಾವು ಎದುರಿನ ಕಿರಾಣಿ ಅಂಗಡಿಯಲ್ಲಿ ಇಟ್ಟು ಬಂದಿದ್ದೇವೆ. ಅಂಗಡಿಯವರು ನಮ್ಮಲ್ಲೇ ಓದಿದವರು.