ಶಾಲ್ಮಲೆ ಸುತ್ತು ಕಡೆಗೂ ಕೂಡಿತು: ನನ್ನ ಅನುಭವ

ಉಳಿಯಲು ಬಂದವರನ್ನು ತೋಟ, ಕಾಡು ಸುತ್ತಿಸಿ ನಡೆಸುವ ಹಾದಿ ಮಾಡುವುದಾದರೆ, ಹೊಳೆಯನ್ನು ಕೊನೆಗೆ ಇಡಿ. ಅವಸರದಲ್ಲಿರುವವರು ಇಷ್ಟು ಓದಿದರೂ ಸಾಕು. ಉಳಿದದ್ದು, ಶಿರಸಿ ಸೀಮೆಯಲ್ಲಿ ಹೋಮ್‌ಸ್ಟೇ ಇಟ್ಟುಕೊಂಡು ಈ ಸುತ್ತು ಹೇಗೆ ಮಾಡಿದೆ ಅಂತ ಈಗ ಫೋನ್ ಮಾಡಿ ಮಾಡಿ ಕೇಳುತ್ತಿರುವವರಿಗೆ. ಒಂದೆರಡು ವರ್ಷದ ಹಿಂದೆ ಇವರಲ್ಲೇ ಹೆಚ್ಚಿನವರು ಹೇಳಿದ್ದು ಬೇರೆ. "ಎಂತ ಮಾರಾಯ, ನಮ್ಮ ಬೆಟ್ಟ ಸುತ್ತೋಕೆ ದುಡ್ಡು ಕೊಟ್ಟು ಯಾರು ಬರ್ತಾರೆ? ಜಲಪಾತ ಇದ್ದಿದ್ದರೆ ಬೇರೆ ಮಾತು." ಈ ಸೀಸನ್ನಿನಲ್ಲಿ ಹಾಕಿದ ದುಡ್ಡು ವಾಪಸ್ ಬಂತು. ಮೇಲೆ ಸ್ವಲ್ಪ ಉಳಿಯಿತು ಕೂಡ.

ನಮ್ಮೂರು ಸಹಸ್ರಲಿಂಗದಿಂದ ಸ್ವಲ್ಪ ದೂರ, ಶಾಲ್ಮಲೆ ಹೊಳೆ ಸಾಲಿನಲ್ಲೇ ಇದೆ. ಯಲ್ಲಾಪುರ ರಸ್ತೆಯಲ್ಲಿ ಬರುವವರು ಹೊಳೆಯ ಕಲ್ಲಿನಲ್ಲಿ ಕೆತ್ತಿದ ಲಿಂಗಗಳನ್ನು ನೋಡುತ್ತಾರೆ, ತೂಗುಸೇತುವೆ ಮೇಲೆ ಫೋಟೊ ತೆಗೆಯುತ್ತಾರೆ, ಒಂದು ತಾಸಿನಲ್ಲಿ ಯಾಣಕ್ಕೋ ಉಂಚಳ್ಳಿಗೋ ಹೊರಡುತ್ತಾರೆ. ನಮ್ಮಲ್ಲಿ ಉಳಿದವರೂ ಬೆಳಿಗ್ಗೆ ದೋಸೆ ತಿಂದು ಕಾರು ಹತ್ತುತ್ತಿದ್ದರು. ಯಾಣದಂಥ ಬಂಡೆ ನಮ್ಮಲ್ಲಿಲ್ಲ, ಉಂಚಳ್ಳಿಯಂತೆ 116 ಮೀಟರ್ ಬೀಳುವ ನೀರೂ ಇಲ್ಲ. ಇರುವುದು ಅಡಿಕೆ ತೋಟ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಬ್ಯಾಣ ಅಂದರೆ ಹುಲ್ಲುಗಾವಲು, ಕಾನು ಅಂದರೆ ದಟ್ಟ ಕಾಡು, ಮತ್ತೆ ಹೊಳೆ. ಈ ಐದನ್ನೂ ಇರುವ ಕಾಲುಹಾದಿಯಲ್ಲೇ ಜೋಡಿಸಬೇಕು, ನಮ್ಮ ಅಂಗಳದಿಂದ ಹೊರಟು ನಮ್ಮ ಅಂಗಳಕ್ಕೇ ಬರಬೇಕು, ನಡೆದ ದಾರಿಯಲ್ಲಿ ಮತ್ತೆ ನಡೆಯಬಾರದು. ನನ್ನ ಹಟ ಇಷ್ಟೇ. ಈಗ ಸುತ್ತು ಒಂಬತ್ತು ಕಿಲೋಮೀಟರ್ ಆಸುಪಾಸು ಇದೆ. ಏರು ಒಟ್ಟು 200 ಮೀಟರ್ ಇರಬಹುದು. ಆರಾಮಾಗಿ ನಡೆದರೆ ನಾಲ್ಕೂವರೆ, ಐದು ತಾಸು.

ದಾರಿ ಹುಡುಕಲು ಮೊಬೈಲ್ ನಂಬಬೇಡಿ. ಕಾನಿನೊಳಗೆ ಜಿಪಿಎಸ್ ಅಡ್ಡಾದಿಡ್ಡಿ ಗೆರೆ ಹಾಕುತ್ತದೆ. ಮನೆಗೆ ಬಂದು ನೋಡಿದರೆ ಹೊಳೆಯ ನಡುವೆ ನಡೆದ ಹಾಗೆ ತೋರಿಸುತ್ತದೆ. ನನಗೆ ದಾರಿ ಕೊಟ್ಟವರು ಮೂರು ಥರದ ಜನ. ಒಬ್ಬರು ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರು, ಯಾವ ತೋಟದಿಂದ ಯಾವ ತೋಟಕ್ಕೆ ಹೇಗೆ ದಾಟಬಹುದು ಅಂತ ಅವರಿಗೆ ಬಾಯಿಪಾಠ. ಇನ್ನೊಬ್ಬರು ದರಕು (ಒಣಗಿ ಬಿದ್ದ ಎಲೆ), ಸೊಪ್ಪು ಹೊತ್ತ ಹೆಂಗಸರು. ಮತ್ತೊಬ್ಬರು ಊರಿಗೆ ಬಸ್ಸು ಬರುವ ಮೊದಲು ಶಾಲೆಗೆ ನಡೆದವರು, ಈಗ ಅರವತ್ತು ದಾಟಿದವರು. ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಇದೆಯಲ್ವಾ, ಹಾಗಾಗಿ ಹೊರೆ ಹೊತ್ತ ಹಾದಿಗಳು ಎಲ್ಲ ಕಡೆ ಇವೆ. ಮುಚ್ಚಿಹೋಗಿವೆ, ಅಷ್ಟೆ. ಹೊರೆ ಹೊತ್ತವರು ಮಾಡಿದ ಹಾದಿಗೆ ಒಂದು ಗುಣವಿದೆ. ಎಲ್ಲೂ ಎದೆ ಕಟ್ಟುವ ಏರು ಸಿಗುವುದಿಲ್ಲ. ಪೇಟೆಯ ಮೊಣಕಾಲಿಗೆ ಅದೇ ಬೇಕು.

ಸುತ್ತು ಕೂಡದೇ ತುಂಬಾ ದಿನ ಸತಾಯಿಸಿದ್ದು ಕಾನಿನಿಂದ ಹೊಳೆಗಿಳಿಯುವ ಅರ್ಧ ಕಿಲೋಮೀಟರ್. ಒಂದು ಕಡೆ ಕಡಿದಾದ ದರೆ, ಇನ್ನೊಂದು ಕಡೆ ಬೆತ್ತದ ಮುಳ್ಳಿನ ಹಿಂಡು. ಕಡೆಗೆ ನೆರೆಮನೆಯ ಅಮ್ಮಮ್ಮ ಹೇಳಿದರು. ಅವರ ಕಾಲದಲ್ಲಿ ಶಿವರಾತ್ರಿಗೆ ಸಹಸ್ರಲಿಂಗಕ್ಕೆ ನಡೆದೇ ಹೋಗುತ್ತಿದ್ದರಂತೆ, ಆ ದಾರಿ ಅಲ್ಲೇ ಎಲ್ಲೋ ಇಳಿಯುತ್ತಿತ್ತಂತೆ. ಇತ್ತು. ಯುಪಟೋರಿಯಂ ಕಳೆಯ ಅಡಿಯಲ್ಲಿ ಕಾಲಿಟ್ಟು ಕಾಲಿಟ್ಟು ಸವೆದ ಕಲ್ಲುಗಳು ಸಿಕ್ಕವು. ಅಷ್ಟು ಮುಳ್ಳಿನ ನಡುವೆ ಅದರ ಬಾಯಿ ಎಲ್ಲಿದೆ ಅಂತ ಕಂಡುಹಿಡಿದ ಉಪಾಯ ಮಾತ್ರ ಇಲ್ಲಿ ಬರೆಯುವುದಿಲ್ಲ. ಬನ್ನಿ, ಒಟ್ಟಿಗೆ ನಡೆಯೋಣ, ತೋರಿಸುತ್ತೇನೆ.

ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕಿನ ಹಕ್ಕು. ನೆಲ ಅರಣ್ಯ ಇಲಾಖೆಯದ್ದು. ಹಸಿ ಮರಕ್ಕೆ ಕತ್ತಿ ಹಾಕಲಿಲ್ಲ, ಮಣ್ಣು ಅಗೆಯಲಿಲ್ಲ, ಸಿಮೆಂಟಿನ ಮಾತೇ ಇಲ್ಲ. ಹಾದಿಗೆ ಬಿದ್ದ ಕಳೆ ಸವರಿದ್ದಷ್ಟೆ. ಮೊದಲೇ ಅರ್ಜಿ ಬರೆದುಕೊಟ್ಟು, ರಿಸರ್ವ್ ಫಾರೆಸ್ಟ್ ಒಳಗೆ ಹೋಗದ ಹಾಗೆ ಸುತ್ತನ್ನು ಮಡಚಿದೆ. ಇದರಿಂದ ದಾರಿ ಒಂದು ಕಿಲೋಮೀಟರ್ ಜಾಸ್ತಿಯಾಯಿತು, ನಿದ್ದೆಯೂ ಚೆನ್ನಾಗಿ ಬರುತ್ತಿದೆ.

ಇನ್ನು ದಿಕ್ಕಿನ ವಿಚಾರ. ಎಲ್ಲರ ಸಲಹೆ ಒಂದೇ ಆಗಿತ್ತು. ಜನ ಬರುವುದೇ ನೀರು ನೋಡಲು, ಹೊಳೆ ಮೊದಲು ತೋರಿಸು, ಖುಷಿಯಾಗಿ ಮುಂದೆ ನಡೆಯುತ್ತಾರೆ. ಹಾಗೇ ನಡೆಸಿದೆವು. ಹೊಳೆಯಲ್ಲಿ ಕೂತವರು ಹತ್ತೂವರೆಯಾದರೂ ಏಳಲಿಲ್ಲ. ಎದ್ದ ಮೇಲೆ ಒದ್ದೆ ಕಾಲನ್ನೇ ಶೂಸಿಗೆ ತುರುಕಿದರು, ಏರು ಹತ್ತುವಾಗ ಹಿಮ್ಮಡಿಯಲ್ಲಿ ಗುಳ್ಳೆ ಎದ್ದವು. ಬ್ಯಾಣಕ್ಕೆ ಬಂದಾಗ ನಡು ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು, ಒಂದು ಮರವಿಲ್ಲ. ಒಂದು ತಂಡದ ಹಿರಿಯ ಹೆಂಗಸೊಬ್ಬರಿಗೆ ತಲೆಸುತ್ತು ಬಂತು. ಜೀಪು ತರಿಸಿ ಎಲ್ಲರನ್ನೂ ಮನೆಗೆ ಕಳಿಸಿದೆ, ಬಾಡಿಗೆ 800 ರೂಪಾಯಿ ನನ್ನ ಕಿಸೆಯಿಂದ ಹೋಯಿತು. ಆ ತಂಡದವರು ಊರಿಗೆ ಹೋಗಿ ಏನು ಹೇಳಿರಬಹುದು, ನೀವೇ ಲೆಕ್ಕ ಹಾಕಿ.

ಆಮೇಲೆ ಪೂರ್ತಿ ತಿರುಗಿಸಿದೆ. ಏಳೂಕಾಲಕ್ಕೆ ಹೊರಡಬೇಕು. ಮೊದಲು ತೋಟ, ಸಮತಟ್ಟು, ನೆರಳು, ಕಾಲು ಸಡಿಲಾಗುತ್ತದೆ. ಆಮೇಲೆ ಬೆಟ್ಟದ ಏರು. ಎಂಟೂವರೆಗೆ ಬ್ಯಾಣ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಕರಡದ ಹುಲ್ಲಿನ ತುದಿಯಲ್ಲಿ ಇಬ್ಬನಿ ಇನ್ನೂ ಇರುತ್ತದೆ, ಕೆಳಗೆ ಕಣಿವೆ ತುಂಬಾ ಮಂಜು. ಬಿಸಿಲು ಏರುವಾಗ ಕಾನಿನೊಳಗೆ ಹೊಕ್ಕಿರುತ್ತೇವೆ. ಅಲ್ಲಿ ಹತ್ತು ಗಂಟೆಗೂ ತಂಪು. ಉಪ್ಪಾಗೆ, ಮುರುಗಲು, ರಾಮಪತ್ರೆ ಮರ ತೋರಿಸುತ್ತಾ ನಿಧಾನ ಇಳಿಯುತ್ತೇವೆ. ಅದೃಷ್ಟವಿದ್ದರೆ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯುವ ಸದ್ದು ತಲೆಯ ಮೇಲೇ ಕೇಳುತ್ತದೆ. ಸುಸ್ತಾಗುವ ಹೊತ್ತಿಗೆ ಸರಿಯಾಗಿ ಹೊಳೆ. ಅಲ್ಲಿಂದ ಮನೆಗೆ ಮುಕ್ಕಾಲು ತಾಸು, ಅದೂ ದಂಡೆಯ ನೆರಳಿನಲ್ಲಿ. ಎಷ್ಟು ಹೊತ್ತು ಕೂತರೂ ಯಾರಿಗೂ ಗಡಿಬಿಡಿಯಿಲ್ಲ. ಅದೇ ಹಾದಿ, ಅದೇ ಕಾಲು. ತಿರುಗಿಸಿದ ಮೇಲೆ ಅರ್ಧಕ್ಕೆ ನಿಲ್ಲಿಸಿದವರು ಒಬ್ಬರೂ ಇಲ್ಲ.

ಹೊಳೆಯಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಬಂಡೆಯ ನಡುವಿನ ಗುಂಡಿಗಳ ಆಳ ಮೇಲಿಂದ ತಿಳಿಯುವುದಿಲ್ಲ, ಹಾವಸೆ ಕಟ್ಟಿದ ಕಲ್ಲಿನ ಮೇಲೆ ನಮ್ಮೂರಿನವರೇ ಜಾರುತ್ತಾರೆ. ಜಲ್ಲಿ ಹಾಸಿದ ಒಂದು ಜಾಗ ಗೊತ್ತುಮಾಡಿದ್ದೇನೆ, ಮೊಣಕಾಲು ಮುಳುಗುವಷ್ಟು ನೀರು. ಅಲ್ಲಿ ಕಾಲು ಇಳಿಬಿಟ್ಟು ಕೂರಬಹುದು. ಈಜು ಇಲ್ಲ. ಎಷ್ಟು ದುಡ್ಡು ಕೊಡುತ್ತೇನೆ ಅಂದರೂ ಇಲ್ಲ.

ದಣಪೆಯ ಕಥೆ ಸ್ವಲ್ಪ ಉದ್ದ. ಸುತ್ತು ನಾಲ್ಕು ಮನೆಯವರ ತೋಟ ಹಾಯುತ್ತದೆ, ಒಂದೊಂದಕ್ಕೂ ದಣಪೆ ಇದೆ. ಎರಡು ಗೂಟ, ತೂತಿನಲ್ಲಿ ಅಡ್ಡ ಸರಿಸುವ ಮೂರು ಬಿದಿರು ಗಳ. ನಮಗೆ ಅದು ಉಸಿರಾಡಿದಷ್ಟೇ ಸಲೀಸು, ದಾಟಿ ಮತ್ತೆ ಸರಿಸುತ್ತೇವೆ. ಬಂದವರು ಒಂದು ಗಳ ಮರೆತರು. ದನ ನುಗ್ಗಿ ಒಬ್ಬರ ಅಡಿಕೆ ಸಸಿ, ಬಾಳೆ ತಿಂದವು. "ಹೆಗಡೇರೆ, ನಾಳೆಯಿಂದ ಈ ಕಡೆ ಬೇಡ" ಎಂದರು ಆ ಮನೆಯವರು. ಅವರ ಮಾತು ನ್ಯಾಯವೇ ಆಗಿತ್ತು. ಸಸಿಗೆ ದುಡ್ಡು ಕಟ್ಟಿಕೊಟ್ಟು, ದಣಪೆಯ ಪಕ್ಕದಲ್ಲೇ ತಡಮೆ ಹಾಕಿಸಿದೆ. ಕವಲೊಡೆದ ಗಟ್ಟಿ ಗೂಟವನ್ನು ಸೊಂಟದೆತ್ತರಕ್ಕೆ ಹೂತು, ಆಚೆ ಈಚೆ ಒಂದೊಂದು ಮೆಟ್ಟುಗಲ್ಲು. ಮನುಷ್ಯ ಕವೆಯೊಳಗೆ ಕಾಲೆತ್ತಿ ದಾಟುತ್ತಾನೆ, ದನಕ್ಕೆ ಹೊಟ್ಟೆ ಅಡ್ಡ ಬರುತ್ತದೆ. ತೆಗೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಒಂದಕ್ಕೆ ಸುಮಾರು 700 ರೂಪಾಯಿ ಬಿತ್ತು. ಜೊತೆಗೆ, ಹಾದಿ ಕೊಟ್ಟ ಪ್ರತಿ ಮನೆಗೂ ತಲೆಗೆ 20 ರೂಪಾಯಿ ಅಂತ ತಿಂಗಳ ಕೊನೆಗೆ ಲೆಕ್ಕ ಮಾಡಿ ಕೊಡುತ್ತೇನೆ. ದೊಡ್ಡ ಮೊತ್ತ ಅಲ್ಲ. ಆದರೆ ಈಗ ಅವರೇ ಅಂಗಳಕ್ಕೆ ಕರೆದು ಮಜ್ಜಿಗೆ ಕೊಡುತ್ತಾರೆ.

ಸಂಕ, ಅಂದರೆ ಕಾಲುಸೇತುವೆ, ನನ್ನ ಹೆಮ್ಮೆ. ಹಳ್ಳ ದಾಟಲು ಅಡಿಕೆ ಮರದ ಸಂಕ ಹಾಕುವುದು ನಿಮಗೆಲ್ಲ ಗೊತ್ತು. ಶಿರಸಿಯಲ್ಲಿ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರಿನ ಹತ್ತಿರ ಮಳೆ. ಜುಲೈನಲ್ಲಿ ಒಂದೇ ರಾತ್ರಿ ಹಳ್ಳ ಉಕ್ಕಿದರೆ ಸಂಕ ಹೋಯಿತು ಅಂತಲೇ ಲೆಕ್ಕ. ಮೊದಲ ವರ್ಷ ಹೋಯಿತು. ಎರಡನೇ ಸಲ ಎರಡೂ ತುದಿಯನ್ನು ದಪ್ಪ ತಂತಿಯಲ್ಲಿ ಬಿಗಿದು ಕಟ್ಟಿಸಿದೆ. ತೇಲಿ ಬಂದ ಕಟ್ಟಿಗೆ, ಕಸ ಅದಕ್ಕೆ ಒತ್ತಿಕೊಂಡು ನಡುವೆಯೇ ಮುರಿಯಿತು. ಈ ಸಲ ಒಂದೇ ತುದಿಗೆ ಕಬ್ಬಿಣದ ಹಗ್ಗ ಸುತ್ತಿ, ದಂಡೆಯ ಹೊಳೆಮತ್ತಿ ಬುಡಕ್ಕೆ ಸಡಿಲವಾಗಿ ಕಟ್ಟಿದೆ. ಬುಡದ ತೊಗಟೆಗೆ ಗಾಯವಾಗದಂತೆ ಒಳಗೆ ಹಳೇ ಟಯರಿನ ಪಟ್ಟಿ. ಆಚೆ ತುದಿ ಕಲ್ಲಿನ ಮೇಲೆ ಸುಮ್ನೆ ಕೂತಿದೆ. ನೀರು ಏರಿದಾಗ ಸಂಕ ತೇಲುತ್ತದೆ, ಬಾಗಿಲಿನ ಹಾಗೆ ತಿರುಗಿ ನಮ್ಮ ದಂಡೆಗೆ ಬಂದು ಮಲಗುತ್ತದೆ. ಅಕ್ಟೋಬರಿನಲ್ಲಿ ನಾಲ್ಕು ಜನ ಹಿಡಿದು ಮತ್ತೆ ಜಾಗಕ್ಕೆ ಇಟ್ಟೆವು. ಇದು ನಿಲ್ಲುವುದಿಲ್ಲ ಎಂದವರು ಈಗ ತಮ್ಮ ತೋಟಕ್ಕೂ ಇದನ್ನೇ ಮಾಡಿಸಿದ್ದಾರೆ. ಹಗ್ಗದ ಉದ್ದ ಎಷ್ಟಿರಬೇಕು ಅನ್ನುವುದರಲ್ಲಿ ಒಂದು ಲೆಕ್ಕವಿದೆ, ಅದು ನಿಮ್ಮ ಹಳ್ಳ ನೋಡದೆ ಹೇಳಲು ಬರುವುದಿಲ್ಲ.

ಗುರುತು ಹಾಕುವುದು ಒಂದು ಗೋಳು. ನಂದಿ ಮರಕ್ಕೆ ಬಣ್ಣ ಬಳಿದರೆ ತೊಗಟೆ ಚಕ್ಕೆ ಚಕ್ಕೆಯಾಗಿ ಕಳಚಿ ಬಣ್ಣವೂ ಹೋಗುತ್ತದೆ, ಕಾಡಿನ ಮರಕ್ಕೆ ಬಣ್ಣ ಬಳಿಯುವುದೂ ಸರಿಯಲ್ಲ. ರಿಬ್ಬನ್ ಕಟ್ಟಿದರೆ ಮಂಗ ಕಿತ್ತವು. ಹಲಗೆಗೆ ಒರಲೆ ಹಿಡಿಯಿತು, 3,000 ರೂಪಾಯಿ ಮಣ್ಣಾಯಿತು. ಕಡೆಗೆ ಉಳಿದದ್ದು ಚಿರೆಕಲ್ಲಿನ ತುಂಡು. ತಿರುವಿನಲ್ಲಿ ಒಂದೊಂದು ಇಟ್ಟು, ತಿರುಗುವ ಕಡೆಯ ಮುಖಕ್ಕೆ ಸುಣ್ಣ ಬಳಿಯುವುದು. ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ, ಒಂದು ಬಕೆಟ್ ಸುಣ್ಣ. ಮುಗಿಯಿತು.

ಉಂಬಳದ (ಜಿಗಣೆಯ) ಪ್ರಯೋಗ ಹೇಳದೇ ಇರಲಾರೆ. ಅಕ್ಟೋಬರಿನಲ್ಲೂ ಕಾನಿನ ತೇವದಲ್ಲಿ ಅವು ಇರುತ್ತವೆ. ಒಂದು ಕಾಲಿಗೆ ಕೊಬ್ಬರಿ ಎಣ್ಣೆ ಮತ್ತು ಸುಣ್ಣ, ಇನ್ನೊಂದು ಕಾಲಿಗೆ ತಂಬಾಕು ನೆನೆಸಿದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಲುಚೀಲ. ಎಣ್ಣೆ ಮೊದಲ ಹಳ್ಳ ದಾಟುವವರೆಗೆ ಸರಿ. ತಂಬಾಕಿನ ಚೀಲ ಒದ್ದೆಯಾಗುವ ತನಕ ಗಟ್ಟಿ. ಈಗ ಎಣ್ಣೆಗೆ ನಮ್ಮ ಹಿತ್ತಲಿನ ಇನ್ನೊಂದು ಸೊಪ್ಪು ಕುದಿಸಿ ಹಾಕುತ್ತೇನೆ, ಹೆಸರು ಸದ್ಯಕ್ಕೆ ಬೇಡ. ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿಕೊಳ್ಳುವುದು ಮಾತ್ರ ಎಲ್ಲರೂ ಮಾಡಿ. ಕಚ್ಚಿದ್ದಕ್ಕೆ ಮುಟ್ಟಿಸಿದರೆ ಸಾಕು, ಉದುರುತ್ತದೆ.

ಉಣ್ಣೆ ಹುಳದ ವಿಷಯದಲ್ಲಿ ಪ್ರಯೋಗ ಬೇಡ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡದ್ದು, ಸಿದ್ದಾಪುರದ ಕಡೆ ಜನ ಅದರಿಂದ ಬಹಳ ನೊಂದಿದ್ದಾರೆ. ಡಿಸೆಂಬರಿನಿಂದ ಮೇವರೆಗೆ ದರಕಿನ ರಾಶಿಯ ಮೇಲೆ ಯಾರನ್ನೂ ಕೂರಿಸಬೇಡಿ. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಸಿ. ಮನೆಗೆ ಬಂದ ಮೇಲೆ ಬಿಸಿನೀರು, ಸೋಪು, ಬಟ್ಟೆ ಬದಲು. ಎಲ್ಲಾದರೂ ಮಂಗ ಸತ್ತ ಸುದ್ದಿ ಬಂದರೆ ಸುತ್ತು ಬಂದ್. ಒಮ್ಮೆ ಹಾಗೆ ಹತ್ತಿರ ಹತ್ತಿರ ಒಂದು ತಿಂಗಳು ನಿಲ್ಲಿಸಿದ್ದೆ. ಬುಕಿಂಗ್ ದುಡ್ಡು ವಾಪಸ್ ಕೊಟ್ಟೆ.

ಖರ್ಚು ಒಟ್ಟು 45,000 ರೂಪಾಯಿ ಸುತ್ತಮುತ್ತ. ಅರ್ಧಕ್ಕಿಂತ ಜಾಸ್ತಿ ಆಳಿನದು. ಕಳೆ ಹೊಡೆಯುವ ಮಷಿನ್ ಜೊತೆ ಬರುವವರಿಗೆ ದಿನಕ್ಕೆ 1,200, ಉಳಿದವರಿಗೆ 600. ಅಡಿಕೆ ಕೊನೆ ಕೊಯ್ಲಿನ ಹೊತ್ತಿನಲ್ಲಿ ಆಳು ಸಿಗುವುದಿಲ್ಲ, ಮಾರಿಕಾಂಬಾ ಜಾತ್ರೆಯ ವರ್ಷ ಕೇಳುವುದೇ ಬೇಡ. ಕೆಲಸವನ್ನು ಅಕ್ಟೋಬರಿನಲ್ಲೇ ಮುಗಿಸಿಕೊಳ್ಳಿ. ಬುಕಿಂಗ್ ತರುತ್ತೇನೆ ಎಂದ ಮಧ್ಯವರ್ತಿಯೊಬ್ಬ ಕಾಲು ಭಾಗ ಕಮಿಷನ್ ಕೇಳಿದ. ಕಡೆ ಗಳಿಗೆಯಲ್ಲಿ ಹದಿನೈದು ಜನರ ತಂಡವನ್ನು ಬೇರೆ ಕಡೆ ಕಳಿಸಿದ. ಆಯಿ ಬೆಳಗಿನ ಜಾವ ಎದ್ದು ಮಾಡಿದ ಅಡುಗೆ ಕೇರಿಗೆಲ್ಲ ಹಂಚಿದೆವು. ಅಲ್ಲಿಂದ ಮುಂಗಡ ಇಲ್ಲದೆ ಎಲೆ ಹಾಕುವುದಿಲ್ಲ.

ಮೊದಲು ತಲೆಗೆ 250 ಇಟ್ಟಿದ್ದೆ, ಯಾರೂ ಬರಲಿಲ್ಲ. ಊಟ ಸೇರಿಸಿ 700 ಮಾಡಿದೆ, ಬರತೊಡಗಿದರು. ಒಂದೆಲಗದ ತಂಬುಳಿ, ಅಪ್ಪೆಹುಳಿ, ಕೆಸುವಿನ ಕರಕಲಿ, ಆಲೆಮನೆ ದಿನಗಳಲ್ಲಿ ತೊಡೆದೇವು. ಐದು ತಾಸು ನಡೆದು ಬಂದವರು ಅಪ್ಪೆಹುಳಿಯನ್ನು ಲೋಟದಲ್ಲಿ ಕೇಳಿ ಕುಡಿಯುತ್ತಾರೆ. ಊಟದ ಸಾಮಾನು, ಹಾದಿಯ ಪಾಲು, ಜೊತೆಗೆ ನಡೆಯುವ ಹುಡುಗನ ಸಂಬಳ ಕಳೆದರೆ ತಲೆಗೆ 300ರ ಹತ್ತಿರ ಉಳಿಯುತ್ತದೆ. ಈಗ ಎಂಟು ಜನರಿಗಿಂತ ಹೆಚ್ಚು ಕರೆದೊಯ್ಯುವುದಿಲ್ಲ. ಜಾಸ್ತಿಯಾದರೆ ಕಾನು ಕೇಳುವುದಿಲ್ಲ, ಬರೀ ಮಾತು ಕೇಳುತ್ತದೆ.

ಮಳೆಗಾಲದಲ್ಲಿ ಸುತ್ತು ಇಲ್ಲ. ಅದರ ಬದಲು ರಾತ್ರಿ ಮನೆ ಹಿಂದಿನ ಬೆಟ್ಟದ ಅಂಚಿಗೆ ಹತ್ತು ನಿಮಿಷ ಕರೆದೊಯ್ದು, ಬ್ಯಾಟರಿ ಆರಿಸಿ, ಕೊಳೆತ ಕಟ್ಟಿಗೆಯ ಮೇಲೆ ಹಸಿರಾಗಿ ಬೆಳಗುವ ಅಣಬೆ ತೋರಿಸಿ ನೋಡಿದೆ. ಮಕ್ಕಳು ಕುಣಿದಾಡಿದರು. ಇದಕ್ಕೆ ದರ ಇಡಬೇಕೋ ಬೇಡವೋ ಅಂತ ಇನ್ನೂ ತೀರ್ಮಾನ ಮಾಡಿಲ್ಲ.

ಈಗ ಕೈಯಲ್ಲಿರುವುದು ವಯಸ್ಸಾದವರಿಗೆ ನಾಲ್ಕು ಕಿಲೋಮೀಟರಿನ ಚಿಕ್ಕ ಸುತ್ತು. ಬ್ಯಾಣ ಬಿಟ್ಟು, ತೋಟದಿಂದ ನೇರ ಕಾನಿನ ಅಂಚಿಗೆ ಹೋಗಿ ಹೊಳೆಗಿಳಿಯುವುದು. ನಡುವೆ ಒಬ್ಬರ ತೋಟದ ಅಗಳದ (ಕಂದಕದ) ಮೇಲೆ ಇನ್ನೂರು ಹೆಜ್ಜೆ ದಾರಿ ಬೇಕು. ಅವರು ಇನ್ನೂ ಒಪ್ಪಿಲ್ಲ. ಅವರ ಅಡಿಕೆ ಸುಲಿ ಮುಗಿಯಲಿ, ಒಂದು ಸಂಜೆ ಹೋಗಿ ಕೇಳುತ್ತೇನೆ. ತಡಮೆ ಖರ್ಚು ನನ್ನದೇ ಅಂತ ಮೊದಲೇ ಹೇಳಿ ಕಳಿಸಿದ್ದೇನೆ.