ಶಂಖದ ಜಾಡು ಹಿಡಿದು: ‘ಲಾರ್ಡ್ ಆಫ್ ದಿ ಫ್ಲೈಸ್’ ಓದಿದ ಬಗೆ

ವಿಲಿಯಂ ಗೋಲ್ಡಿಂಗ್ ಅವರ ಈ ಕಾದಂಬರಿಯನ್ನು (1954) ಓದಲು ಕೂತಾಗ ನಾನು ಮೊದಲು ಕೈಬಿಟ್ಟದ್ದು ಸಿದ್ಧ ಅರ್ಥಗಳನ್ನು. ವಿಮಾನ ಬಿದ್ದು, ದೊಡ್ಡವರಿಲ್ಲದ ದ್ವೀಪದಲ್ಲಿ ಸಿಕ್ಕಿಕೊಂಡ ಹುಡುಗರ ಕಥೆ ಇದು. ಅವರು ಆರಿಸಿದ ನಾಯಕ ರಾಲ್ಫ್, ಬೇಟೆಗಾರರ ಮುಂದಾಳು ಜ್ಯಾಕ್, ಕನ್ನಡಕದ ಹುಡುಗ ಪಿಗ್ಗಿ. ಶಂಖ ಊದಿ ಸಭೆ ಕರೆಯುತ್ತಾರೆ, ಹಡಗಿಗೆ ಹೊಗೆ ಕಾಣಲೆಂದು ಪಿಗ್ಗಿಯ ಕನ್ನಡಕದಿಂದ ಬೆಂಕಿ ಹೊತ್ತಿಸುತ್ತಾರೆ. ಶಂಖ ಅಂದರೆ ಪ್ರಜಾಪ್ರಭುತ್ವ, ಕನ್ನಡಕ ಅಂದರೆ ವಿಜ್ಞಾನ, ಬೆಂಕಿ ಅಂದರೆ ಭರವಸೆ ಎಂದು ಪಟ್ಟಿ ಮಾಡಿಕೊಂಡರೆ ಓದು ಅಲ್ಲಿಗೇ ನಿಲ್ಲುತ್ತದೆ. ಇಲ್ಲಿನ ವಸ್ತುಗಳು ಹನ್ನೆರಡು ಅಧ್ಯಾಯಗಳುದ್ದಕ್ಕೂ ಸವೆಯುತ್ತವೆ, ಕೈ ಬದಲಾಗುತ್ತವೆ. ಹಿಡಿಯಬೇಕಾದದ್ದು ಆ ಸವೆತವನ್ನು.

ಮೊದಲ ಓದು ಪೆನ್ಸಿಲ್ ಇಲ್ಲದೆ. ಎರಡನೆಯದಕ್ಕೆ ನೋಟ್‌ಬುಕ್ ಬೇಕು: ಒಂದು ವಸ್ತುವಿಗೆ ಒಂದು ಪುಟ, ಪುಟಕ್ಕೆ ನಾಲ್ಕು ಕಲಂ. ಯಾವ ಅಧ್ಯಾಯ, ಯಾರ ಕೈಯಲ್ಲಿದೆ, ಅದರಿಂದ ಏನು ಮಾಡಿದರು, ಆಗ ಯಾರು ಕಿವಿಗೊಟ್ಟರು. ಕೊನೆಯ ಕಲಂ ಅನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನಾಯಕತ್ವದ ಕಥೆಯೆಲ್ಲ ಇರುವುದೇ ಅಲ್ಲಿ.

ಶಂಖದ ಪುಟ ನೋಡಿ. ಮೊದಲ ಅಧ್ಯಾಯದಲ್ಲಿ ಅದು ಕೆನೆಬಣ್ಣದ್ದು, ಅಲ್ಲಲ್ಲಿ ಗುಲಾಬಿ ಛಾಯೆ. ಐದನೆಯದರ ಹೊತ್ತಿಗೆ ಬಣ್ಣ ಕಳೆದು ಬಹುತೇಕ ಬೆಳ್ಳಗಾಗಿದೆ. ಒಂಬತ್ತರಲ್ಲಿ ಜ್ಯಾಕ್, ದ್ವೀಪದ ಈ ತುದಿಯಲ್ಲಿ ಶಂಖಕ್ಕೆ ಬೆಲೆಯಿಲ್ಲ ಅನ್ನುತ್ತಾನೆ. ಹನ್ನೊಂದರಲ್ಲಿ ಅದು ಪಿಗ್ಗಿಯೊಂದಿಗೇ ಚೂರಾಗುತ್ತದೆ. ಅಂದರೆ ಒಡೆಯುವ ಎಷ್ಟೋ ಮೊದಲೇ ಅದರ ಸತ್ವ ಹೋಗಿತ್ತು.

ಬೆಂಕಿಯ ಪುಟವಂತೂ ಸಿದ್ಧ ಅರ್ಥವನ್ನೇ ತಲೆಕೆಳಗು ಮಾಡುತ್ತದೆ. ಎರಡನೇ ಅಧ್ಯಾಯದಲ್ಲಿ ಅದು ಕಾಡಿಗೆ ಹಬ್ಬುತ್ತದೆ, ಮುಖದ ಮೇಲೆ ಮಚ್ಚೆಯಿದ್ದ ಪುಟ್ಟ ಹುಡುಗ ಮತ್ತೆ ಕಾಣಿಸುವುದಿಲ್ಲ. ನಾಲ್ಕರಲ್ಲಿ ಬೇಟೆಗೆ ಹೋದವರಿಂದಾಗಿ ಅದು ಆರಿ, ಹಡಗು ಹಾಗೇ ದಾಟಿಹೋಗುತ್ತದೆ. ಕೊನೆಗೆ ಹಡಗನ್ನು ಕರೆತರುವುದು ರಾಲ್ಫ್‌ನನ್ನು ಪೊದೆಯಿಂದ ಹೊರಗಟ್ಟಿ ಕೊಲ್ಲಲು ಹಚ್ಚಿದ ಬೆಂಕಿ. (ಪಿಗ್ಗಿಗಿರುವುದು ಸಮೀಪದೃಷ್ಟಿ. ಅದಕ್ಕೆ ಹಾಕುವ ಮಸೂರ ಬಿಸಿಲನ್ನು ಚದುರಿಸುತ್ತದೆ, ಅದರಿಂದ ಬೆಂಕಿ ಹೊತ್ತಿಕೊಳ್ಳುವುದಿಲ್ಲ. ಲೇಖಕರ ತಪ್ಪು ಹೌದು, ಆದರೆ ಕನ್ನಡಕದ ಪುಟ ಇದರಿಂದ ಬಡವಾಗುವುದಿಲ್ಲ.)

ನಾಯಕತ್ವಕ್ಕೆ ನಾನು ಹೆಚ್ಚು ಹೊತ್ತು ಕೊಡುವುದು ಐದನೇ ಅಧ್ಯಾಯದ ಸಭೆಗೆ. ಗುಡಿಸಲುಗಳ ಲೆಕ್ಕವನ್ನು ರಾಲ್ಫ್ ತಾನೇ ಒಪ್ಪಿಸುತ್ತಾನೆ: ಮೊದಲನೆಯದನ್ನು ಎಲ್ಲರೂ ಸೇರಿ ಕಟ್ಟಿದರು, ಎರಡನೆಯದಕ್ಕೆ ನಾಲ್ವರು, ಮೂರನೆಯದಕ್ಕೆ ಅವನು ಮತ್ತು ಸೈಮನ್ ಇಬ್ಬರೇ, ಅದಕ್ಕೇ ಅದು ಅಲ್ಲಾಡುತ್ತದೆ. ಕೈಯೆತ್ತಿ ಆರಿಸಿದವರು ಕೈ ಜೋಡಿಸುವುದನ್ನು ಬಿಟ್ಟದ್ದು ಈ ಮೂರು ಸಂಖ್ಯೆಗಳಲ್ಲಿದೆ. ಅವನ ವಿಷಯಪಟ್ಟಿಯೂ ಸರಿಯಾದದ್ದೇ: ಚಿಪ್ಪಿನಲ್ಲಿ ತುಂಬಿಡುವ ನೀರು, ಗುಡಿಸಲು, ಶೌಚದ ಜಾಗ, ಬೆಟ್ಟದ ಮೇಲಿನ ಬೆಂಕಿ. ಎಡವಿದ್ದು ಹೊತ್ತಿನಲ್ಲಿ. ಸಭೆ ಕರೆದದ್ದು ಸಂಜೆ, ದ್ವೀಪದಲ್ಲಿ ಮೃಗವಿದೆ ಎಂಬ ಭಯದ ಮಾತನ್ನು ಉಳಿಸಿಕೊಂಡದ್ದು ಕೊನೆಗೆ. ಆ ಮಾತು ಶುರುವಾಗಿ ಬೆಳೆಯುವಷ್ಟರಲ್ಲಿ ಕತ್ತಲಾಗಿ, ಚರ್ಚೆ ದೆವ್ವದ ಕಡೆ ತಿರುಗಿತು. ಕತ್ತಲಲ್ಲಿ ಭಯಕ್ಕೆ ವಾದದಿಂದ ಉತ್ತರ ಕೊಡಲಾಗದು. ಜ್ಯಾಕ್ ಗೆದ್ದದ್ದು ವಾದದಿಂದಲ್ಲ, ನಾವು ಬಲಶಾಲಿಗಳು, ಬೇಟೆಯಾಡುತ್ತೇವೆ ಎಂಬ ಒಂದೇ ಕೂಗಿನಿಂದ.

ಹಾಗಂತ ರಾಲ್ಫ್ ಒಳ್ಳೆಯವ, ಜ್ಯಾಕ್ ಕೆಟ್ಟವ ಎಂದು ವಿಂಗಡಿಸಿದರೆ ಓದು ಮತ್ತೆ ಹಳಿ ತಪ್ಪುತ್ತದೆ. ಏಳರಲ್ಲಿ ರಾಬರ್ಟ್‌ನನ್ನು ಹಂದಿ ಮಾಡಿ ಆಡುವ ಆಟದಲ್ಲಿ ರಾಲ್ಫ್‌ನ ಕೈಯೂ ಮುಂದೆ ಚಾಚುತ್ತದೆ. ಮೃಗವೆಂದುಕೊಂಡು ಹುಡುಗರು ಸೈಮನ್‌ನನ್ನು ಕೊಲ್ಲುವ ಆ ಕುಣಿತದ ವರ್ತುಲದಲ್ಲಿ ಅವನೂ ಪಿಗ್ಗಿಯೂ ಇದ್ದರು.

ನಾಗರಿಕತೆ ಕಳಚುವುದನ್ನು ತೋರಿಸಲು ಜ್ಯಾಕ್‌ನ ಗುಂಪಿನ ರೋಜರ್‌ಗೆ ಒಂದು ಪುಟ ಸಾಕು. ನಾಲ್ಕನೇ ಅಧ್ಯಾಯದಲ್ಲಿ ಅವನು ಪುಟ್ಟ ಹುಡುಗ ಹೆನ್ರಿಯ ಕಡೆ ಕಲ್ಲೆಸೆಯುತ್ತಾನೆ, ಬೇಕೆಂದೇ ಗುರಿ ತಪ್ಪಿಸುತ್ತಾನೆ. ಹೆನ್ರಿಯ ಸುತ್ತ ಸುಮಾರು ಆರು ಗಜ ಅಗಲದ ಜಾಗಕ್ಕೆ ಕಲ್ಲು ಬೀಳದು. ತಂದೆತಾಯಿ, ಶಾಲೆ, ಪೊಲೀಸು, ಕಾನೂನು ಅಲ್ಲಿಲ್ಲದಿದ್ದರೂ ಅವನ ತೋಳನ್ನು ಹಿಡಿದಿವೆ. ಹನ್ನೊಂದರಲ್ಲಿ ಅದೇ ಕೈ ಸನ್ನೆಗೋಲಿಗೆ ಭಾರ ಬಿಟ್ಟು ಪಿಗ್ಗಿಯ ಮೇಲೆ ಬಂಡೆ ಉರುಳಿಸುತ್ತದೆ.

ನೋಟ್‌ಬುಕ್‌ನ ಕೊನೆಯ ಪುಟ ಹೆಸರುಗಳಿಗೆ. ಜ್ಯಾಕ್‌ನನ್ನು ನಿರೂಪಣೆಯೇ ‘ನಾಯಕ’ ಎಂದು ಕರೆಯತೊಡಗುವ ಜಾಗಕ್ಕೆ ಗುರುತು ಹಾಕಿ. ಪುಟ್ಟ ಪರ್ಸಿವಲ್ ಐದರಲ್ಲಿ ತನ್ನ ಪೂರ್ತಿ ಹೆಸರನ್ನೂ ಮನೆಯ ವಿಳಾಸವನ್ನೂ ಮಂತ್ರದಂತೆ ಒಪ್ಪಿಸುತ್ತಾನೆ. ಹನ್ನೆರಡರಲ್ಲಿ ಸಮವಸ್ತ್ರದ ಅಧಿಕಾರಿ ಎದುರು ನಿಂತಾಗ ‘ನಾನು, ನಾನು’ ಎಂದಷ್ಟೇ ಬಾಯಿ ತೆರೆಯುತ್ತದೆ. ಮುಂದಿನ ಮಾತು ಬರುವುದಿಲ್ಲ.