ಕಡಮನೆ ಟೀಗೆ ಹೆಪ್ಪು ಹಾಕಿದ್ದು: ನನ್ನ ಅನುಭವ

ನಮ್ಮನೆ ಸಕಲೇಶಪುರದ ಹತ್ರ, ಸುತ್ತ ಎಲ್ಲಾ ಕಾಫಿ ತೋಟನೇ, ಆದ್ರೂ ನಾನು ಮೊದ್ಲಿಂದ ಟೀ ಕುಡಿಯೋನು, ಕಡಮನೆ ಟೀ ಪುಡಿ ಮನೇಲಿ ಯಾವಾಗ್ಲೂ ಇರುತ್ತೆ. ಹೋದ ವರ್ಷ ಫ್ರೆಂಡ್ ಒಬ್ಬ ಟೀ ಹಾಕಿ ಮನೇಲೇ ಬಿಯರ್ ಮಾಡ್ಬಹುದು ಕಣೋ ಅಂದ, ನಾನೂ ಮಾಲ್ಟು ಈಸ್ಟು ಎಲ್ಲಾ ತರ್ಸೋಕೆ ಹೊರಟಿದ್ದೆ, ಆಮೇಲೆ ವಿಚಾರಿಸಿದ್ರೆ ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇಲ್ದೆ ಮಾಡಿದ್ರೆ 1965ರ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ ಅಂತ ಗೊತ್ತಾಯ್ತು. ಅದನ್ನ ಬಿಟ್ಟು ಕೊಂಬುಚಾ ಹಿಡ್ದೆ, ಅಂದ್ರೆ ಸಕ್ಕರೆ ಹಾಕಿದ ಟೀನ ಹುಳಿ ಬರ್ಸಿ ಮಾಡೋ ಪಾನೀಯ. ಇದೂ ಟೀನೇ, ಇದ್ರಲ್ಲೂ ಈಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತೆ, ಆದ್ರೆ ಜೊತೇಲಿರೋ ಬ್ಯಾಕ್ಟೀರಿಯಾ ಆ ಆಲ್ಕೋಹಾಲನ್ನ ವಿನೆಗರ್ ಥರದ ಹುಳಿಯಾಗಿ ಮಾಡುತ್ತೆ.

ಮೊಸರಿಗೆ ಹೆಪ್ಪು ಹಾಕ್ದಂಗೇನೇ ಕೆಲಸ. ಹೆಪ್ಪು ಅಂದ್ರೆ ಹಳೇ ಕೊಂಬುಚಾ, ಮತ್ತೆ ಅದ್ರ ಮೇಲೆ ಕಟ್ಟೋ ದಪ್ಪ ಕೆನೆ, ಅದಕ್ಕೆ ಸ್ಕೋಬಿ ಅಂತಾರೆ, ಮುಟ್ಟಿದ್ರೆ ಎಳೆ ತೆಂಗಿನಕಾಯಿ ಗಂಜಿ ಥರ ಜಾರುತ್ತೆ. ಎರಡೂವರೆ ಲೀಟರ್ ನೀರಿಗೆ 15 ಗ್ರಾಂ ಟೀ ಪುಡಿ, 200 ಗ್ರಾಂ ಸಕ್ಕರೆ ಹಾಕ್ತೀನಿ. ಹಾಲು ಏಲಕ್ಕಿ ಮಸಾಲೆ ಏನೂ ಬೇಡ. ಹತ್ತು ನಿಮಿಷ ಬಿಟ್ಟು ಸೋಸಿ ಪೂರ್ತಿ ತಣ್ಣಗಾದ ಮೇಲೆ 250 ಎಂಎಲ್ ಹೆಪ್ಪು, ಬಿಸಿ ಇದ್ದಾಗ ಹಾಕಿದ್ರೆ ಸತ್ತೇ ಹೋಗುತ್ತೆ. ಬಾಯಿಗೆ ಹಳೇ ಕಾಟನ್ ಪಂಚೆ ತುಂಡು ಎರಡು ಪದರ ಮಡಚಿ ರಬ್ಬರ್ ಬ್ಯಾಂಡ್ ಹಾಕ್ತೀನಿ, ಗಾಳಿ ಆಡ್ಬೇಕು ಆದ್ರೆ ಹಣ್ಣಿನ ನೊಣ ಹೋಗ್ಬಾರ್ದು.

ಅಮ್ಮ ಅಟ್ಟದ ಮೇಲಿದ್ದ ಹಳೇ ಉಪ್ಪಿನಕಾಯಿ ಭರಣಿ ಇಳಿಸ್ಕೊಟ್ಟಿದ್ರು, ಬೇಡಮ್ಮ ಅಂದೆ, ಅವ್ರಿಗೆ ಬೇಜಾರಾಯ್ತು. ಹಳೇ ಪಾತ್ರೆ ಒಳಗಿನ ಮೆರುಗಲ್ಲಿ ಸೀಸ ಇದ್ರೆ ಈ ಹುಳಿ ವಾರಗಟ್ಟಲೆ ಕೂತು ಅದನ್ನ ಬಿಡಿಸ್ಕೊಳ್ಳುತ್ತೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಕೂಡ ಬೇಡ, ಗಾಜಿನ ಜಾಡಿನೇ ಸರಿ.

ಮಾರ್ಚಲ್ಲಿ 8 ದಿನಕ್ಕೇ ಹುಳಿ ಬಂದಿತ್ತು, ಜುಲೈ ಮಳೇಲಿ ಅದೇ ಜಾಡಿಗೆ 16 ದಿನ ಬೇಕಾಯ್ತು, ನಮ್ಮ ಕಡೆ ಚಳಿ ಹಂಗೆ. ಹುಳಿ ಅಳೆಯೋಕೆ ಪಿಎಚ್ ಪೇಪರ್ ಇಟ್ಕೊಂಡಿದೀನಿ, ನಂಬರ್ ಕಮ್ಮಿ ಆದಷ್ಟೂ ಹುಳಿ ಜಾಸ್ತಿ ಅಂತ, ಮೊದ್ಲ ದಿನ ಅದು 4.5ಕ್ಕಿಂತ ಕೆಳಗೆ ಇರ್ಬೇಕು, ಇಲ್ಲ ಅಂದ್ರೆ ಇನ್ನೊಂಚೂರು ಹೆಪ್ಪು ಹಾಕ್ಬೇಕು, ಮುಗಿಯೋ ಹೊತ್ತಿಗೆ 3ರ ಆಸುಪಾಸು ಬರುತ್ತೆ. ಕೆಳಗೆ ನೇತಾಡೋ ಕಂದು ಎಳೆ ನೋಡಿ ಹೆದರ್ಬೇಡಿ ಅದು ಈಸ್ಟು. ಮೇಲೆ ಒಣಗಿದಂಗೆ, ನವಿರಾಗಿ ರೋಮ ಬಂದಂಗೆ ಬಿಳಿ ಅಥವಾ ಹಸಿರು ಬೂಷ್ಟು ಕಂಡ್ರೆ ಮಾತ್ರ ಸ್ಕೋಬಿ ಸಮೇತ ಚೆಲ್ಲಿ. ಆಗಸ್ಟಲ್ಲಿ ನಾನೂ ಒಂದ್ಸಲ ಚೆಲ್ಲಿದೀನಿ, ಕೆನೆ ತೆಗೆದು ಉಳಿದಿದ್ದನ್ನ ಕುಡಿಯೋಣ ಅನ್ನೋ ಆಸೆ ಬೇಡ.

ನನಗೆ ತೊಂದ್ರೆ ಆಗಿದ್ದು ಇದ್ರಲ್ಲಿ ಅಲ್ಲ, ಬಾಟಲಿಗೆ ಹಾಕಿ ಮುಚ್ಚಿದ ಮೇಲೆ. ಬಿಯರ್ ಥರ ನೊರೆ ಬರ್ಲಿ ಅಂತ ಏಪ್ರಿಲಲ್ಲಿ ನಾಲ್ಕು ಬಾಟಲಿಗೆ ನಮ್ಮ ತೋಟದ್ದೇ ಹಸಿಶುಂಠಿ ಜಜ್ಜಿ, ಒಂದೊಂದಕ್ಕೆ ಮೂರು ಚಮಚ ಸಕ್ಕರೆ ಹಾಕಿ, ಮುಚ್ಚಳ ಬಿಗಿದು ಐದು ದಿನ ಉಗ್ರಾಣದಲ್ಲಿ ಇಟ್ಬಿಟ್ಟೆ. ಆರನೇ ರಾತ್ರಿ ಢಬ್ ಅಂತ ಸದ್ದು. ಹೋಗಿ ನೋಡಿದ್ರೆ ಒಂದು ಬಾಟಲಿ ಇಲ್ಲ, ಅದ್ರ ಕತ್ತಿನ ಚೂರು ಅಕ್ಕಿ ಮೂಟೆ ಒಳಗೆ ಎರಡು ಬೆರಳಷ್ಟು ಹೊಕ್ಕಿತ್ತು. ಬೆಳಗ್ಗೆ ಅಮ್ಮ ಅಕ್ಕಿ ಅಳೆಯೋಕೆ ಅಲ್ಲೇ ಬಗ್ಗಿ ನಿಲ್ತಾರೆ. ಆ ಜಾಗ ನೋಡಿದಾಗೆಲ್ಲ ಈಗ್ಲೂ ಎದೆ ಝಲ್ ಅನ್ನುತ್ತೆ.

ಉಳಿದಿದ್ದನ್ನ ದಪ್ಪ ಟವಲ್ ಸುತ್ತಿ ಒಂದೊಂದೇ ತೆಗೆದು ಫ್ರಿಜ್ಜಿಗೆ ಹಾಕ್ದೆ, ಮಧ್ಯಾಹ್ನ ತೋಟದಿಂದ ಬಂದವನೇ ಖಾಲಿ ಹೊಟ್ಟೇಲಿ ಒಂದು ಬಾಟಲಿ ಪೂರ್ತಿ, 600 ಎಂಎಲ್ ಇರ್ಬಹುದು, ಕುಡಿದೆ. ರುಚಿ ಚೆನ್ನಾಗೇ ಇತ್ತು. ಅರ್ಧ ಗಂಟೇಲಿ ತಲೆ ಹಗುರ, ಹೊಟ್ಟೆ ಉಬ್ಬರ, ಸಂಜೆಗೆ ಎದೆ ಉರಿ ತಲೆನೋವು, ರಾತ್ರಿ ಎರಡು ಸಲ ಭೇದಿ, ಕೆಫೀನ್ ಬೇರೆ ಹಂಗೇ ಉಳಿದಿರುತ್ತಲ್ಲ ನಿದ್ದೇನೂ ಬರ್ಲಿಲ್ಲ. ಆಮೇಲೆ ಅರ್ಥ ಆಯ್ತು, ಮುಚ್ಚಿದ ಬಾಟಲಿಲಿ ಗಾಳಿ ಇರಲ್ಲ, ಆಲ್ಕೋಹಾಲನ್ನ ಹುಳಿ ಮಾಡೋ ಬ್ಯಾಕ್ಟೀರಿಯಾಗೆ ಗಾಳಿ ಬೇಕು, ಈಸ್ಟಿಗೆ ಬೇಡ, ಹಂಗಾಗಿ ನಾನು ಹಾಕಿದ ಸಕ್ಕರೆ ಎಲ್ಲಾ ಗ್ಯಾಸು ಆಲ್ಕೋಹಾಲು ಆಗ್ತಾ ಹೋಗಿದೆ. ನಮ್ಮಲ್ಲಿ ಆಲ್ಕೋಹಾಲು 0.5 ಪರ್ಸೆಂಟ್ ದಾಟಿದ್ರೆ ಅದು ಮದ್ಯನೇ, ಅಂದ್ರೆ ಬಿಯರ್ ಬೇಡ ಅಂತ ಬಿಟ್ಟೋನು ಗೊತ್ತಿಲ್ದಂಗೆ ಅದೇ ದಾರೀಲಿ ಹೋಗಿದ್ದೆ.

1995ರಲ್ಲಿ ಅಮೆರಿಕದ ಅಯೋವಾದಲ್ಲಿ ಇದನ್ನ ದಿನಾ ಕುಡೀತಿದ್ದ ಇಬ್ಬರು ಹೆಂಗಸರಿಗೆ ರಕ್ತದಲ್ಲಿ ಆಮ್ಲ ಜಾಸ್ತಿಯಾಗಿ ಒಬ್ರು ತೀರ್ಕೊಂಡ್ರು, ಕೊಂಬುಚಾದಿಂದಲೇ ಅಂತ ಸಾಬೀತಾಗ್ಲಿಲ್ಲ, ಆದ್ರೆ ಅಲ್ಲಿನ ಆರೋಗ್ಯ ಇಲಾಖೆಯವ್ರು ಆಗ ಹೇಳಿದ ಲೆಕ್ಕ, ಆರೋಗ್ಯವಾಗಿರೋರಿಗೆ ದಿನಕ್ಕೆ ಸುಮಾರು 120 ಎಂಎಲ್ ಆದ್ರೆ ತೊಂದ್ರೆ ಇರ್ಲಿಕ್ಕಿಲ್ಲ ಅಂತ. ನಾನು ಕುಡಿದಿದ್ದು ಅದ್ರ ಐದರಷ್ಟು.

ಈಗ ಬಾಟಲಿಗೆ ಅರ್ಧ ಚಮಚ ಸಕ್ಕರೆ ಅಷ್ಟೇ, ಎರಡೇ ದಿನ ಹೊರಗೆ, ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡ್ತೀನಿ, ಆಮೇಲೆ ಫ್ರಿಜ್ಜು. ನೊರೆ ಕಮ್ಮಿನೇ. ಊಟ ಆದ್ಮೇಲೆ ಅರ್ಧ ಲೋಟ. ಅಪ್ಪಂಗೆ ಶುಗರ್ ಇದೆ, ಕೊಡಲ್ಲ, ಈಸ್ಟು ತಿಂದ್ಮೇಲೂ ಸಕ್ಕರೆ ಪೂರ್ತಿ ಖಾಲಿ ಆಗಿರಲ್ಲ. ತಂಗಿ ಬಸುರಿ, ಅವಳಿಗೂ ಇಲ್ಲ. ಚಿಕ್ಕಪ್ಪ ಹಲ್ಲುನೋವಿಗೆ ಮೆಟ್ರೋನಿಡಜೋಲ್ ತಗೊಳ್ತಿದ್ರು, ಆ ಮಾತ್ರೆ ಜೊತೆ ಮದ್ಯ ಮುಟ್ಬಾರ್ದು ಅಂತ ಇರುತ್ತೆ, ಒಂದು ಗುಟುಕು ಕೊಡೋ ಅಂತ ಎಷ್ಟು ಕೇಳಿದ್ರೂ ಕೋರ್ಸ್ ಮುಗೀಲಿ ಚಿಕ್ಕಪ್ಪ ಅಂದೆ. ಮುಗಿದು ನಾಲ್ಕು ದಿನ ಬಿಟ್ಟು ಬಂದ್ರು, ಅರ್ಧ ಲೋಟ ಕೊಟ್ಟೆ, ಶುಂಠಿ ಇನ್ನೂ ಸ್ವಲ್ಪ ಜಾಸ್ತಿ ಇರ್ಬೇಕಿತ್ತು ಅಂದ್ರು.